ಕಳಚಿದ ಘಟಕಕ್ಕೆ ತಡವಾಗಿ ಬರುವ ಉತ್ತರ: ವೆಬ್ ತಂತ್ರಾಂಶದ ಒಂದು ಹಳೆಯ ತೊಡಕು

ವೆಬ್ ಪುಟದ ಒಂದು ಭಾಗ ಪರದೆಯಿಂದ ಮರೆಯಾದ ಮೇಲೂ ಅದರ ಮಾಹಿತಿಯನ್ನು ಬದಲಿಸಲು ತಂತ್ರಾಂಶ ಯತ್ನಿಸುವುದುಂಟು. ಇದನ್ನು ತಂತ್ರಜ್ಞರ ಮಾತಿನಲ್ಲಿ ‘ಅನ್‌ಮೌಂಟ್ ಆದ ಕಾಂಪೊನೆಂಟ್‌ನ ಸ್ಟೇಟ್ ಅಪ್‌ಡೇಟ್’, ಅಂದರೆ ಕಳಚಿದ ಘಟಕದ ಸ್ಥಿತಿ ಬದಲಾವಣೆ ಎನ್ನುತ್ತಾರೆ. ವೆಬ್ ಪುಟಗಳ ತಯಾರಿಕೆಯಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ರಿಯಾಕ್ಟ್ ಎಂಬ ತಂತ್ರಾಂಶ ಹಲವು ವರ್ಷಗಳ ಕಾಲ ಈ ಬಗ್ಗೆ ಎಚ್ಚರಿಕೆ ನೀಡುತ್ತಿತ್ತು. 2022ರ ಆವೃತ್ತಿಯಲ್ಲಿ ಆ ಎಚ್ಚರಿಕೆಯನ್ನೇ ತೆಗೆದುಹಾಕಲಾಯಿತು. ಹಾಗೆಂದು ತೊಡಕು ಮಾಯವಾಗಲಿಲ್ಲ. ಎಚ್ಚರಿಕೆಯ ಬಾಯಿ ಮುಚ್ಚಿಸುವುದನ್ನೇ ಪರಿಹಾರವೆಂದು ಅನೇಕರು ಭಾವಿಸಿದ್ದರಿಂದ, ನಿಜವಾದ ಅಪಾಯಗಳು ಗಮನಕ್ಕೆ ಬಾರದೆ ಉಳಿದವು.

ಜೋಡಣೆ ಮತ್ತು ಕಳಚುವಿಕೆ

ಇಂದಿನ ವೆಬ್ ಪುಟ ಒಂದೇ ಅಖಂಡ ಹಾಳೆಯಲ್ಲ. ಹುಡುಕು ಪೆಟ್ಟಿಗೆ, ಸುದ್ದಿ ಪಟ್ಟಿ, ಹವಾಮಾನದ ಚೌಕ, ಸಂದೇಶಗಳ ಗಂಟೆ ಹೀಗೆ ಅನೇಕ ಘಟಕಗಳನ್ನು ಸೇರಿಸಿ ಅದನ್ನು ಕಟ್ಟಲಾಗುತ್ತದೆ. ಪ್ರತಿ ಘಟಕವೂ ತನ್ನದೇ ಆದ ಕೆಲವು ಸಂಗತಿಗಳನ್ನು ನೆನಪಿಟ್ಟುಕೊಂಡಿರುತ್ತದೆ. ಪೆಟ್ಟಿಗೆಯಲ್ಲಿ ಬಳಕೆದಾರ ಏನು ಬರೆದಿದ್ದಾನೆ, ಪಟ್ಟಿ ಬಂದಿದೆಯೇ ಇಲ್ಲವೇ, ಗುಂಡಿ ಒತ್ತಲಾಗಿದೆಯೇ ಎಂಬಂಥ ಈ ನೆನಪಿಗೆ ‘ಸ್ಥಿತಿ’ ಎಂದು ಹೆಸರು. ಸ್ಥಿತಿ ಬದಲಾದಾಗ ಘಟಕವು ಪರದೆಯ ಮೇಲೆ ತನ್ನನ್ನು ಹೊಸದಾಗಿ ಚಿತ್ರಿಸಿಕೊಳ್ಳುತ್ತದೆ.

ಘಟಕವನ್ನು ಪುಟಕ್ಕೆ ಸೇರಿಸುವುದು ಜೋಡಣೆ. ಬಳಕೆದಾರ ಬೇರೊಂದು ವಿಭಾಗಕ್ಕೆ ಹೋದಾಗ ಅಥವಾ ಕಿಟಕಿಯೊಂದನ್ನು ಮುಚ್ಚಿದಾಗ ಅದನ್ನು ಪುಟದಿಂದ ತೆಗೆಯುವುದು ಕಳಚುವಿಕೆ. ಇವೆರಡರ ನಡುವೆ ಘಟಕವು ಹೊರಜಗತ್ತಿನೊಡನೆ ವ್ಯವಹರಿಸುತ್ತದೆ. ಸರ್ವರಿಗೆ ಕೋರಿಕೆ ಕಳಿಸುತ್ತದೆ, ಟೈಮರ್ ಇಡುತ್ತದೆ, ಕ್ರಿಕೆಟ್ ಸ್ಕೋರಿನಂಥ ನೇರ ಮಾಹಿತಿಯ ಹರಿವಿಗೆ ಕಿವಿಗೊಡುತ್ತದೆ. ಇವುಗಳ ಉತ್ತರ ಯಾವಾಗ ಬರುವುದೆಂಬುದು ಘಟಕದ ಕೈಯಲ್ಲಿಲ್ಲ. ಉತ್ತರ ಬರುವ ಮೊದಲೇ ಘಟಕ ಕಳಚಿಹೋದರೆ, ಇಲ್ಲದವರ ವಿಳಾಸಕ್ಕೆ ಟಪಾಲು ಬಂದಂತಾಗುತ್ತದೆ.

ಹಿನ್ನೆಲೆ

ಹಿಂದಿನ ಜಾಲತಾಣಗಳಲ್ಲಿ ಈ ತೊಡಕು ಇಷ್ಟಾಗಿ ಕಾಣಿಸುತ್ತಿರಲಿಲ್ಲ. ಕೊಂಡಿಯೊಂದನ್ನು ಒತ್ತಿದರೆ ಇಡೀ ಪುಟ ಅಳಿದು ಇನ್ನೊಂದು ಪುಟ ಬರುತ್ತಿತ್ತು. ಹಳೆಯ ಪುಟದ ಟೈಮರು, ಅರ್ಧಕ್ಕೆ ನಿಂತ ಕೋರಿಕೆ ಎಲ್ಲವನ್ನೂ ಬ್ರೌಸರೇ ಗುಡಿಸಿ ಹಾಕುತ್ತಿತ್ತು. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ ಪುಟ ಬದಲಾಗದೆ ಅದರ ಒಳಭಾಗ ಮಾತ್ರ ಬದಲಾಗುವ ಕ್ರಮ ಜನಪ್ರಿಯವಾಯಿತು. ಈ ವಿಧಾನಕ್ಕೆ ಅಮೆರಿಕದ ಜೆಸ್ಸಿ ಜೇಮ್ಸ್ ಗ್ಯಾರೆಟ್ 2005ರ ಫೆಬ್ರುವರಿಯಲ್ಲಿ ‘ಅಜಾಕ್ಸ್’ ಎಂದು ಹೆಸರಿಟ್ಟರು. ಅಲ್ಲಿಂದ ಮುಂದೆ ಒಂದೇ ಪುಟ ದಿನವಿಡೀ ತೆರೆದಿರುವುದು ಸಾಮಾನ್ಯವಾಯಿತು. ಬ್ರೌಸರ್ ಮಾಡುತ್ತಿದ್ದ ಗುಡಿಸುವ ಕೆಲಸ ತಂತ್ರಾಂಶ ಬರೆಯುವವರ ಹೆಗಲೇರಿತು.

ಫೇಸ್‌ಬುಕ್ ಸಂಸ್ಥೆಯಲ್ಲಿ ಜೋರ್ಡನ್ ವಾಕ್ ರೂಪಿಸಿದ ರಿಯಾಕ್ಟ್ 2013ರ ಮೇ ತಿಂಗಳಲ್ಲಿ ಸಾರ್ವಜನಿಕರಿಗೆ ಮುಕ್ತವಾಯಿತು. ಪುಟವನ್ನು ಘಟಕಗಳಾಗಿ ಒಡೆದು ಕಟ್ಟುವ ಪದ್ಧತಿ ಇದರಿಂದ ಬಹುವಾಗಿ ಹರಡಿತು. ಪುಟಕ್ಕೆ ಸೇರಿದೊಡನೆ ಮಾಡಬೇಕಾದ ಕೆಲಸಕ್ಕೆ ಒಂದು ಜಾಗ, ಕಳಚುವ ಮುನ್ನ ಮಾಡಬೇಕಾದ ಕೆಲಸಕ್ಕೆ ಇನ್ನೊಂದು ಜಾಗ ಅದರಲ್ಲಿ ಮೊದಲಿನಿಂದಲೂ ಇದ್ದವು. ಮೊದಲನೆಯದನ್ನು ಎಲ್ಲರೂ ಬಳಸಿದರು. ಎರಡನೆಯದನ್ನು ಮರೆಯುವುದು ಸುಲಭವಾಗಿತ್ತು. ಏಕೆಂದರೆ ಮರೆತರೂ ಪುಟ ಮೇಲ್ನೋಟಕ್ಕೆ ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

ಕೆಂಪು ಅಕ್ಷರದ ಎಚ್ಚರಿಕೆ

ಕಳಚಿದ ಘಟಕದ ಸ್ಥಿತಿಯನ್ನು ಬದಲಿಸಲು ಯತ್ನಿಸಿದಾಗ ರಿಯಾಕ್ಟ್ ಆ ಯತ್ನವನ್ನು ಕೈಬಿಟ್ಟು, ತಂತ್ರಾಂಶ ಬರೆಯುವವರ ಕನ್ಸೋಲಿನಲ್ಲಿ ಎಚ್ಚರಿಕೆ ಮೂಡಿಸುತ್ತಿತ್ತು. ಈ ಬದಲಾವಣೆಯಿಂದ ಏನೂ ಆಗುವುದಿಲ್ಲ, ಆದರೆ ಇದು ಮೆಮೊರಿ ಸೋರಿಕೆಯ ಸೂಚನೆ, ಚಂದಾಗಳನ್ನೂ ಬಾಕಿ ಕೆಲಸಗಳನ್ನೂ ರದ್ದು ಮಾಡಿ ಎಂಬುದು ಅದರ ತಾತ್ಪರ್ಯ. ತಯಾರಿಕೆಯ ಹಂತದಲ್ಲಿ ಮಾತ್ರ ಕಾಣುತ್ತಿದ್ದ ಈ ಸಾಲು ಸಾಮಾನ್ಯ ಬಳಕೆದಾರರ ಕಣ್ಣಿಗೆ ಎಂದೂ ಬೀಳುತ್ತಿರಲಿಲ್ಲ.

ಮೆಮೊರಿ ಸೋರಿಕೆ ಎಂಬ ಮಾತೇ ಗಾಬರಿ ಹುಟ್ಟಿಸುವಂಥದು. ಬೇಡವಾದ ಮಾಹಿತಿಯನ್ನು ಗಣಕದ ನೆನಪಿನಿಂದ ಬಿಡಿಸಲಾಗದೆ ಅದು ಬೆಳೆಯುತ್ತಾ ಹೋಗುವುದನ್ನು ಸೋರಿಕೆ ಎನ್ನುತ್ತಾರೆ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಯಾರಿಗೂ ಬೇಡವಾದ ಮಾಹಿತಿ ತಾನಾಗಿಯೇ ತೆರವಾಗುತ್ತದೆ. ಆದರೆ ಎಲ್ಲೋ ಒಂದು ಕಡೆ ಅದರ ಎಳೆಯನ್ನು ಯಾರಾದರೂ ಹಿಡಿದಿದ್ದರೆ ತೆರವಾಗುವುದಿಲ್ಲ. ನಿಲ್ಲಿಸದೆ ಬಿಟ್ಟ ಟೈಮರ್ ಅಂಥ ಒಂದು ಹಿಡಿತ.

ತಡವಾದ ಪತ್ರ, ನಿಲ್ಲಿಸದ ಚಂದಾ

ಎಚ್ಚರಿಕೆಯಲ್ಲಿದ್ದ ಗೊಂದಲವನ್ನು ತಿಳಿಯಲು ಟಪಾಲಿನ ಹೋಲಿಕೆಯನ್ನೇ ಮುಂದುವರಿಸಬಹುದು. ಮನೆ ಖಾಲಿ ಮಾಡಿದ ಬಾಡಿಗೆದಾರನ ಹೆಸರಿಗೆ ಎರಡು ಬಗೆಯ ಟಪಾಲು ಬರುತ್ತದೆ. ಅವನು ಹಿಂದೆ ಬರೆದ ಕಾಗದಕ್ಕೆ ತಡವಾಗಿ ಬಂದ ಉತ್ತರ ಒಂದು. ಚಂದಾ ನಿಲ್ಲಿಸದೆ ಹೋದ ಕಾರಣ ಪ್ರತಿ ವಾರ ಬಂದು ಬೀಳುವ ಪತ್ರಿಕೆ ಇನ್ನೊಂದು. ಉತ್ತರ ಒಮ್ಮೆ ಬಂದರೆ ಮುಗಿಯಿತು. ಪತ್ರಿಕೆಗಳು ಮಾತ್ರ ಬಾಗಿಲ ಮುಂದೆ ರಾಶಿ ಬೀಳುತ್ತಲೇ ಇರುತ್ತವೆ.

ಸರ್ವರಿಗೆ ಕಳಿಸಿದ ಒಂದು ಕೋರಿಕೆ ಪತ್ರದಂತೆ. ಉತ್ತರ ಬಂದೊಡನೆ ಅಥವಾ ವಿಫಲವಾದೊಡನೆ ಅದು ಹಿಡಿದಿದ್ದ ಎಳೆ ಸಡಿಲವಾಗಿ ಮೆಮೊರಿ ತೆರವಾಗುತ್ತದೆ. ಇದನ್ನು ಸೋರಿಕೆ ಎನ್ನುವುದು ಸರಿಯಲ್ಲ. ಟೈಮರು, ಕಿಟಕಿಯ ಅಳತೆ ಬದಲಾವಣೆಗೆ ಕಿವಿಗೊಡುವ ಶ್ರೋತೃ, ವೆಬ್‌ಸಾಕೆಟ್ ಸಂಪರ್ಕ ಇವು ಚಂದಾದಂತೆ. ನಿಲ್ಲಿಸದಿದ್ದರೆ ಅವು ನಿಲ್ಲುವುದಿಲ್ಲ.

ಚಂದಾ ನಿಲ್ಲಿಸದ ಪುಟದ ಪಾಡನ್ನು ಸಣ್ಣ ಲೆಕ್ಕದಿಂದ ಅರಿಯಬಹುದು. ಐದು ಸೆಕೆಂಡಿಗೊಮ್ಮೆ ಸ್ಕೋರು ತರಿಸುವ ಘಟಕವು ನಿಮಿಷಕ್ಕೆ 12 ಕೋರಿಕೆ ಕಳಿಸುತ್ತದೆ. ಬಳಕೆದಾರ ಆ ವಿಭಾಗಕ್ಕೆ ಹತ್ತು ಸಲ ಹೋಗಿ ಬಂದರೆ, ಪ್ರತಿ ಸಲವೂ ಹೊಸ ಟೈಮರ್ ಹುಟ್ಟಿ ಹಳೆಯದು ಉಳಿದುಕೊಳ್ಳುತ್ತದೆ. ಆಗ ನಿಮಿಷಕ್ಕೆ ಹೋಗುವ ಕೋರಿಕೆಗಳು 120. ಬಳಕೆದಾರನಿಗೆ ಕಾಣುವುದು ಬಿಸಿಯಾದ ಮೊಬೈಲು, ಬೇಗ ಇಳಿಯುವ ಬ್ಯಾಟರಿ, ಕರಗುವ ಡೇಟಾ. ಕಾರಣ ಮಾತ್ರ ಅವನಿಗೆ ತಿಳಿಯುವುದಿಲ್ಲ.

ರಿಯಾಕ್ಟಿನ ಎಚ್ಚರಿಕೆ ಈ ಎರಡನ್ನೂ ಒಂದೇ ದನಿಯಲ್ಲಿ ಬೈಯುತ್ತಿತ್ತು. ಅದನ್ನು ಕಂಡವರಲ್ಲಿ ಬಹಳಷ್ಟು ಮಂದಿಯ ಮುಂದಿದ್ದುದು ನಿರುಪದ್ರವಿಯಾದ ತಡವಾದ ಪತ್ರವೇ ಆಗಿತ್ತು.

‘ಈಸ್‌ಮೌಂಟೆಡ್’ ಎಂಬ ಅಡ್ಡದಾರಿ

ಎಚ್ಚರಿಕೆಯನ್ನು ತಪ್ಪಿಸಲು ಹೆಚ್ಚಿನವರು ಹಿಡಿದ ದಾರಿ ಸರಳವಾಗಿತ್ತು. ಘಟಕ ಪುಟದಲ್ಲಿದೆಯೇ ಎಂದು ತಿಳಿಸುವ ಒಂದು ಗುರುತನ್ನು ಇಟ್ಟುಕೊಳ್ಳುವುದು, ಉತ್ತರ ಬಂದಾಗ ಗುರುತನ್ನು ನೋಡಿ, ಘಟಕ ಇಲ್ಲವಾದರೆ ಸುಮ್ಮನಾಗುವುದು. ಆರಂಭದ ರಿಯಾಕ್ಟಿನಲ್ಲಿ ಇದಕ್ಕೆಂದೇ ‘ಈಸ್‌ಮೌಂಟೆಡ್’ ಎಂಬ ಸೌಲಭ್ಯವಿತ್ತು. ಇದು ತಪ್ಪು ಅಭ್ಯಾಸವೆಂದು ರಿಯಾಕ್ಟ್ ತಂಡ 2015ರ ಡಿಸೆಂಬರಿನಲ್ಲಿಯೇ ತಿಳಿಸಿತು. ಸೌಲಭ್ಯ ಹಿಂದೆ ಸರಿದರೂ ಅಭ್ಯಾಸ ಹೋಗಲಿಲ್ಲ. 2019ರ ಫೆಬ್ರುವರಿಯಲ್ಲಿ ರಿಯಾಕ್ಟ್ 16.8ರೊಂದಿಗೆ ‘ಹುಕ್ಸ್’ ಎಂಬ ಹೊಸ ಬರವಣಿಗೆ ಕ್ರಮ ಬಂದಾಗ ಅದೇ ಗುರುತು ಹೊಸ ವೇಷದಲ್ಲಿ ಮರಳಿತು.

ಈ ಗುರುತಿನಿಂದ ಎಚ್ಚರಿಕೆ ಮಾತ್ರ ನಿಲ್ಲುತ್ತದೆ. ಟೈಮರ್ ಓಡುತ್ತಲೇ ಇರುತ್ತದೆ, ಸಂಪರ್ಕ ತೆರೆದೇ ಇರುತ್ತದೆ, ಗುರುತನ್ನು ಪರೀಕ್ಷಿಸಲೆಂದೇ ಎಳೆ ಹಿಡಿದುಕೊಂಡಿರುವುದರಿಂದ ಮೆಮೊರಿಯೂ ತೆರವಾಗುವುದಿಲ್ಲ. ಖಾಲಿ ಮನೆಯ ಬಾಗಿಲಲ್ಲಿ ಆಳೊಬ್ಬನನ್ನು ನಿಲ್ಲಿಸಿ, ಬಂದ ಪತ್ರಿಕೆಗಳನ್ನು ಯಾರಿಗೂ ಕಾಣದಂತೆ ಅಡಗಿಸಿದ ಹಾಗೆ. ಚಂದಾ ಹಣ ಹೋಗುತ್ತಲೇ ಇರುತ್ತದೆ.

2022ರ ತೀರ್ಮಾನ

ರಿಯಾಕ್ಟ್ ತಂಡ 2021ರಲ್ಲಿ ಈ ವಿಷಯವನ್ನು ಮರುಪರಿಶೀಲಿಸಿತು. 2022ರ ಮಾರ್ಚ್ 29ರಂದು ಬಿಡುಗಡೆಯಾದ ರಿಯಾಕ್ಟ್ 18ರಲ್ಲಿ ಎಚ್ಚರಿಕೆ ಇರಲಿಲ್ಲ. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿದ್ದವು. ಸಾಮಾನ್ಯವಾಗಿ ಎಚ್ಚರಿಕೆ ಬರುತ್ತಿದ್ದ ಸಂದರ್ಭಗಳಲ್ಲಿ ನಿಜವಾದ ಸೋರಿಕೆ ಇರಲಿಲ್ಲ. ಅದನ್ನು ತಪ್ಪಿಸಲು ಜನ ಬರೆಯುತ್ತಿದ್ದ ಗುರುತಿನ ತಂತ್ರ ಮೂಲ ತೊಡಕಿಗಿಂತ ಕೆಟ್ಟದಾಗಿತ್ತು. ಮೂರನೆಯದು ಮುಂದಾಲೋಚನೆ. ಘಟಕವನ್ನು ಪರದೆಯಿಂದ ಮರೆಮಾಡಿ, ಅದರ ಸ್ಥಿತಿಯನ್ನು ಹಾಗೇ ಉಳಿಸಿಕೊಂಡು, ಬಳಕೆದಾರ ಮರಳಿದಾಗ ಮತ್ತೆ ತೋರಿಸುವ ಯೋಜನೆ ತಂಡದ ಮುಂದಿತ್ತು.

‘ಆ್ಯಕ್ಟಿವಿಟಿ’ ಎಂಬ ಹೆಸರಿನಲ್ಲಿ ಈ ಸೌಲಭ್ಯ 2025ರ ಅಕ್ಟೋಬರಿನ ರಿಯಾಕ್ಟ್ 19.2ರಲ್ಲಿ ಬಳಕೆಗೆ ಬಂತು. ಹಳೆಯ ಗುರುತಿನ ತಂತ್ರ ಇಲ್ಲಿ ನೇರವಾಗಿ ಹಾನಿ ಮಾಡಬಲ್ಲುದು. ಅರ್ಜಿಯೊಂದನ್ನು ಕಳಿಸಿದ ಬಳಕೆದಾರ ಉತ್ತರ ಬರುವ ಮೊದಲೇ ಬೇರೆ ವಿಭಾಗಕ್ಕೆ ಹೋದನೆಂದರೆ ಘಟಕ ಮರೆಯಾಗುತ್ತದೆ. ಆ ನಡುವೆ ಬಂದ ಉತ್ತರವನ್ನು ಗುರುತು ತಡೆಯುತ್ತದೆ. ಅವನು ಮರಳಿ ಬಂದಾಗ ಅರ್ಜಿ ತಲುಪಿದ್ದರೂ ‘ಕಳಿಸಲಾಗುತ್ತಿದೆ’ ಎಂಬ ಸಾಲು ಹಾಗೆಯೇ ತಿರುಗುತ್ತಿರುತ್ತದೆ. ಬೇಸತ್ತು ಎರಡನೆಯ ಸಲ ಕಳಿಸಿದರೆ ಅರ್ಜಿ ಎರಡಾಗುತ್ತದೆ.

ಎಚ್ಚರಿಕೆಯೇ ಬಾರದ ಅಪಾಯ

ಇದಕ್ಕಿಂತ ಗಂಭೀರವಾದ ದೋಷವೊಂದಿದೆ. ಅದರ ಬಗ್ಗೆ ಹಳೆಯ ಎಚ್ಚರಿಕೆ ಎಂದೂ ಬಾಯಿ ಬಿಡುತ್ತಿರಲಿಲ್ಲ, ಏಕೆಂದರೆ ಅಲ್ಲಿ ಘಟಕ ಕಳಚಿರುವುದೇ ಇಲ್ಲ.

ರೋಗಿಗಳ ಪಟ್ಟಿಯಲ್ಲಿ ವೈದ್ಯರೊಬ್ಬರು ಮೊದಲ ಹೆಸರನ್ನು ಒತ್ತಿ, ತಪ್ಪೆಂದು ತಿಳಿದು ಕೂಡಲೇ ಎರಡನೆಯ ಹೆಸರನ್ನು ಒತ್ತಿದರೆಂದು ಭಾವಿಸಬಹುದು. ಎರಡು ಕೋರಿಕೆಗಳು ಸರ್ವರಿಗೆ ಹೋಗುತ್ತವೆ. ಮೊದಲು ಹೋದ ಕೋರಿಕೆಗೆ ಮೊದಲು ಉತ್ತರ ಬರಬೇಕೆಂಬ ನಿಯಮ ಅಂತರ್ಜಾಲದಲ್ಲಿಲ್ಲ. ಎರಡನೆಯ ರೋಗಿಯ ವರದಿ ಮೊದಲು ಬಂದು, ಮೊದಲ ರೋಗಿಯ ವರದಿ ತಡವಾಗಿ ಬಂದರೆ ಅದು ಪರದೆಯ ಮೇಲಿದ್ದುದನ್ನು ಅಳಿಸಿ ತಾನು ಕುಳಿತುಕೊಳ್ಳುತ್ತದೆ. ಮೇಲೆ ಒಬ್ಬರ ಹೆಸರು, ಕೆಳಗೆ ಇನ್ನೊಬ್ಬರ ರಕ್ತಪರೀಕ್ಷೆ. ಕನ್ಸೋಲಿನಲ್ಲಿ ಕೆಂಪು ಅಕ್ಷರವಿಲ್ಲ, ಪುಟದಲ್ಲಿ ದೋಷದ ಸೂಚನೆಯಿಲ್ಲ. ತಜ್ಞರು ಇದನ್ನು ‘ರೇಸ್ ಕಂಡಿಷನ್’, ಅಂದರೆ ಓಟದ ದೋಷ ಎನ್ನುತ್ತಾರೆ. ಬ್ಯಾಂಕಿನ ಎರಡು ಖಾತೆಗಳ ನಡುವೆ, ಎರಡು ದಿನಾಂಕಗಳ ರೈಲು ಪಟ್ಟಿಯ ನಡುವೆಯೂ ಇದೇ ಸಂಭವಿಸಬಹುದು. ತಯಾರಕರ ವೇಗದ ಸಂಪರ್ಕದಲ್ಲಿ ಇದು ಕಾಣಿಸದೆ, ದುರ್ಬಲ ಸಂಕೇತವಿರುವ ಕಡೆಯ ಬಳಕೆದಾರರಿಗೆ ಮಾತ್ರ ಎದುರಾಗುವುದು ಇದರ ಇನ್ನೊಂದು ಕೇಡು.

ಪರಿಹಾರ ಕ್ರಮಗಳು

ರಿಯಾಕ್ಟಿನ ‘ಯೂಸ್‌ಎಫೆಕ್ಟ್’ ಎಂಬ ಸೌಲಭ್ಯ ಈ ಎಲ್ಲಕ್ಕೂ ಒಂದೇ ಕಡೆ ಜಾಗ ಒದಗಿಸಿದೆ. ಕೆಲಸ ಆರಂಭಿಸುವ ಬರಹದ ಜೊತೆಯಲ್ಲೇ ಅದನ್ನು ಮುಗಿಸುವ ಬರಹವನ್ನೂ ಕೊಡಬಹುದು. ಇದಕ್ಕೆ ‘ಕ್ಲೀನಪ್’ ಎನ್ನುತ್ತಾರೆ. ಘಟಕ ಕಳಚುವಾಗ ಮಾತ್ರವಲ್ಲದೆ, ಆಧಾರವಾಗಿರುವ ಮಾಹಿತಿ ಬದಲಾಗಿ ಕೆಲಸ ಮತ್ತೆ ಆರಂಭವಾಗುವ ಮುನ್ನವೂ ರಿಯಾಕ್ಟ್ ಇದನ್ನು ನಡೆಸುತ್ತದೆ.

ಟೈಮರ್: ಇಟ್ಟ ಪ್ರತಿಯೊಂದು ಟೈಮರನ್ನೂ ಅದರ ಸಂಖ್ಯೆಯ ಮೂಲಕ ಕ್ಲೀನಪ್‌ನಲ್ಲಿ ನಿಲ್ಲಿಸಬೇಕು.

ಶ್ರೋತೃ: ಕಿಟಕಿಗೆ ಸೇರಿಸಿದ ಶ್ರೋತೃವನ್ನು ತೆಗೆಯುವಾಗ, ಸೇರಿಸಿದ ಅದೇ ಫಂಕ್ಷನ್ನನ್ನು ಕೊಡಬೇಕು. ನೋಡಲು ಅದರಂತೆಯೇ ಇರುವ ಇನ್ನೊಂದನ್ನು ಹೊಸದಾಗಿ ಬರೆದು ಕೊಟ್ಟರೆ ಏನೂ ತೆಗೆದಂತಾಗುವುದಿಲ್ಲ. ಬ್ರೌಸರ್ ಇದರ ಬಗ್ಗೆ ದೂರುವುದೂ ಇಲ್ಲ. ಕ್ಲೀನಪ್ ಇದ್ದೂ ಸೋರಿಕೆ ಉಳಿಯಲು ಇದು ಒಂದು ಸಾಮಾನ್ಯ ಕಾರಣ.

ನೇರ ಸಂಪರ್ಕ: ವೆಬ್‌ಸಾಕೆಟ್ ತೆರೆದ ಘಟಕವೇ ಅದನ್ನು ಮುಚ್ಚಬೇಕು. ಅನೇಕ ಘಟಕಗಳಿಗೆ ಒಂದೇ ಸಂಪರ್ಕ ಬೇಕಾದಲ್ಲಿ ಅದನ್ನು ಘಟಕಗಳ ಹೊರಗಿಟ್ಟು, ಪ್ರತಿ ಘಟಕವೂ ಅದಕ್ಕೆ ಚಂದಾದಾರನಾಗುವುದು ಮೇಲು.

ಓದುವ ಕೋರಿಕೆ: ಮಾಹಿತಿ ತರಿಸುವ ಪ್ರತಿ ಕೋರಿಕೆಗೂ ‘ಇದನ್ನು ಕಡೆಗಣಿಸು’ ಎಂಬ ಪ್ರತ್ಯೇಕ ಗುರುತು ಇಡಬೇಕು. ಹೊಸ ಕೋರಿಕೆ ಹೋಗುವ ಮುನ್ನ ಕ್ಲೀನಪ್ ಹಳೆಯದರ ಗುರುತನ್ನು ಏರಿಸುತ್ತದೆ. ತಡವಾಗಿ ಬಂದ ಹಳೆಯ ಉತ್ತರ ಬದಿಗೆ ಸರಿಯುತ್ತದೆ. ನೋಡಲು ಇದು ‘ಈಸ್‌ಮೌಂಟೆಡ್’ ತಂತ್ರದಂತೆಯೇ ಕಂಡರೂ ವ್ಯತ್ಯಾಸ ಮೂಲಭೂತವಾದುದು. ಅಲ್ಲಿ ಗುರುತು ಮನೆಗೆ, ಇಲ್ಲಿ ಪ್ರತಿಯೊಂದು ಪತ್ರಕ್ಕೆ. ಮನೆಯಲ್ಲಿ ಜನರಿದ್ದಾರೆಯೇ ಎಂದು ನೋಡುವುದರಿಂದ, ಬಂದ ಪತ್ರ ಈಗಿನ ಪ್ರಶ್ನೆಗೆ ಉತ್ತರವೇ ಎಂಬುದು ತಿಳಿಯುವುದಿಲ್ಲ. ವೈದ್ಯರ ಪರದೆಯನ್ನು ಕಾಯುವುದು ಪತ್ರದ ಮೇಲಿನ ಗುರುತು.

ಕೋರಿಕೆಯ ರದ್ದತಿ: ಬ್ರೌಸರುಗಳಲ್ಲೇ ಇರುವ ‘ಅಬಾರ್ಟ್‌ಕಂಟ್ರೋಲರ್’ ಮೂಲಕ ಕೋರಿಕೆಯನ್ನು ನಡುವೆಯೇ ನಿಲ್ಲಿಸಬಹುದು. 2017ರಿಂದ 2019ರ ಅವಧಿಯಲ್ಲಿ ಇದು ಪ್ರಮುಖ ಬ್ರೌಸರುಗಳಿಗೆ ಬಂತು. ಬೇಡವಾದ ಮಾಹಿತಿ ಇಳಿಯುವುದು ಇದರಿಂದ ನಿಲ್ಲುವುದರಿಂದ ಮೊಬೈಲ್ ಬಳಕೆದಾರರಿಗೆ ನೇರ ಲಾಭ. ಹೀಗೆ ರದ್ದಾದ ಕೋರಿಕೆ ಒಂದು ದೋಷವಾಗಿ ಮರಳುತ್ತದೆ. ಅದನ್ನು ಬೇರೆಯಾಗಿ ಗುರುತಿಸದಿದ್ದರೆ, ಬಳಕೆದಾರನಿಗೆ ಕಾರಣವಿಲ್ಲದೆ ‘ಮಾಹಿತಿ ತರಲಾಗಲಿಲ್ಲ’ ಎಂಬ ಸಂದೇಶ ಕಾಣಿಸುತ್ತದೆ.

ರದ್ದು ಮಾಡಬಾರದ ಕೋರಿಕೆ

ಎಲ್ಲವನ್ನೂ ರದ್ದು ಮಾಡುವುದೇ ಜಾಣತನವೆಂದು ತಿಳಿಯುವುದೂ ತಪ್ಪು. ಮಾಹಿತಿ ಓದುವ ಕೋರಿಕೆಗೂ ಏನನ್ನಾದರೂ ಬದಲಿಸುವ ಕೋರಿಕೆಗೂ ಭೇದವಿದೆ. ಹಣ ಪಾವತಿ, ಟಿಕೆಟ್ ಕಾಯ್ದಿರಿಸುವಿಕೆ, ಅರ್ಜಿ ಸಲ್ಲಿಕೆ ಇವು ಬಳಕೆದಾರ ಗುಂಡಿ ಒತ್ತಿ ಕೊಟ್ಟ ಆಜ್ಞೆಗಳು. ಅವನು ಪುಟದ ಇನ್ನೊಂದು ಭಾಗಕ್ಕೆ ಹೋದನೆಂದು ಅವುಗಳನ್ನು ನಡುವೆ ನಿಲ್ಲಿಸುವುದು ಸಲ್ಲದು.

ಮೇಲಾಗಿ ಬ್ರೌಸರ್ ಕೋರಿಕೆಯನ್ನು ಕೈಬಿಟ್ಟ ಮಾತ್ರಕ್ಕೆ ಸರ್ವರ್ ಕೈಬಿಡುತ್ತದೆ ಎನ್ನುವಂತಿಲ್ಲ. ಅಂಚೆ ಡಬ್ಬಿಗೆ ಹಾಕಿದ ಕಾಗದದಂತೆ ಅದು ಆಗಲೇ ತಲುಪಿರಬಹುದು. ಹಣ ಕಡಿತವಾಗಿ, ಅದರ ಸುದ್ದಿ ಮಾತ್ರ ಬಳಕೆದಾರನಿಗೆ ತಲುಪದಿದ್ದರೆ ಅನರ್ಥ ಹೆಚ್ಚು. ಇಂಥ ಕೋರಿಕೆ ಪೂರ್ಣಗೊಳ್ಳಲು ಬಿಟ್ಟು, ಫಲಿತಾಂಶವನ್ನು ಘಟಕದ ಹೊರಗೆ, ಪುಟದ ಎಲ್ಲ ಭಾಗಗಳಿಗೂ ಕಾಣುವ ಜಾಗದಲ್ಲಿ ಇಡುವುದು ಉಚಿತ. ಕಳಚಿದ ಘಟಕದ ಸ್ಥಿತಿಗೆ ಬಂದ ಬದಲಾವಣೆ ಇಲ್ಲಿ ಸದ್ದಿಲ್ಲದೆ ಕರಗಿಹೋದರೆ ನಷ್ಟವಿಲ್ಲ.

ಓದುವ ಮಾಹಿತಿಗೂ ಇದೇ ತತ್ವವನ್ನು ವಿಸ್ತರಿಸಬಹುದು. ಟ್ಯಾನ್‌ಸ್ಟ್ಯಾಕ್ ಕ್ವೆರಿ, ಎಸ್‌ಡಬ್ಲ್ಯುಆರ್ ಮುಂತಾದ ತಂತ್ರಾಂಶಗಳು ಉತ್ತರಗಳನ್ನು ಘಟಕದ ಬದಲು ಸಾಮಾನ್ಯ ಸಂಗ್ರಹದಲ್ಲಿ ಇಡುತ್ತವೆ. ಘಟಕ ಕಳಚಿದ ಮೇಲೆ ಬಂದ ಉತ್ತರವೂ ವ್ಯರ್ಥವಾಗದೆ ಬಳಕೆದಾರ ಮರಳಿದಾಗ ಒದಗುತ್ತದೆ. ಪ್ರತಿ ಉತ್ತರವೂ ತನ್ನ ಪ್ರಶ್ನೆಯ ಹೆಸರಿನಲ್ಲೇ ಶೇಖರವಾಗುವುದರಿಂದ ಒಬ್ಬರ ವರದಿ ಇನ್ನೊಬ್ಬರ ಹೆಸರಿನಡಿ ಕೂರುವ ಭಯವೂ ಕಡಿಮೆ.

ಇತರ ತಂತ್ರಾಂಶಗಳಲ್ಲಿ

ಇದು ರಿಯಾಕ್ಟಿಗೆ ಮಾತ್ರ ಸೀಮಿತವಾದ ತೊಡಕಲ್ಲ. ಆ್ಯಂಗ್ಯುಲರ್‌ನಲ್ಲಿ ಘಟಕ ನಾಶವಾಗುವಾಗ ನಡೆಯುವ ‘ಎನ್‌ಜಿ ಆನ್‌ಡೆಸ್ಟ್ರಾಯ್’ ಇದೆ. 2023ರ ಮೇ ತಿಂಗಳ 16ನೇ ಆವೃತ್ತಿಯಲ್ಲಿ ಚಂದಾಗಳನ್ನು ತಾನಾಗಿಯೇ ಮುಗಿಸುವ ‘ಟೇಕ್‌ಅಂಟಿಲ್‌ಡೆಸ್ಟ್ರಾಯ್ಡ್’ ಸೇರಿತು. 2020ರ ಸೆಪ್ಟೆಂಬರಿನಲ್ಲಿ ಬಂದ ವ್ಯೂ 3, ಹಿಂದೆ ‘ನಾಶ’ ಎಂಬ ಅರ್ಥದ ಹೆಸರಿದ್ದ ಹಂತಗಳಿಗೆ ‘ಕಳಚುವಿಕೆ’ ಎಂಬ ಅರ್ಥದ ಹೆಸರಿಟ್ಟಿತು. ಸ್ವೆಲ್ಟ್‌ನಲ್ಲೂ ಇಂಥ ವ್ಯವಸ್ಥೆಯಿದೆ. ಮೊಬೈಲ್ ತಂತ್ರಾಂಶಗಳಿಗೆ ಬಳಸುವ ಫ್ಲಟರ್ ಇನ್ನೂ ಕಟ್ಟುನಿಟ್ಟು. ವಿಲೇವಾರಿಯಾದ ಘಟಕದ ಸ್ಥಿತಿ ಬದಲಿಸುವುದನ್ನು ಅದು ದೋಷವೆಂದೇ ಪರಿಗಣಿಸುತ್ತದೆ. ಅಲ್ಲಿ ಬದಲಾವಣೆಗೆ ಮುನ್ನ ‘ಮೌಂಟೆಡ್’ ಗುರುತನ್ನು ನೋಡುವುದು ಒಪ್ಪಿತ ಕ್ರಮ. ಒಂದು ತಂತ್ರಾಂಶದ ಪರಿಹಾರವನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಲಾಗದು ಎಂಬುದಕ್ಕೆ ಇದು ಸಾಕ್ಷಿ.

ಪತ್ತೆಯ ಬಗೆ

ಎಚ್ಚರಿಕೆ ಇಲ್ಲದ ಮೇಲೆ ದೋಷವನ್ನು ಹುಡುಕಿಯೇ ಕಾಣಬೇಕು. ರಿಯಾಕ್ಟ್ 18ರಿಂದ ‘ಸ್ಟ್ರಿಕ್ಟ್ ಮೋಡ್’ ಎಂಬ ವಿಧಾನವು ತಯಾರಿಕೆಯ ಹಂತದಲ್ಲಿ ಪ್ರತಿ ಘಟಕವನ್ನೂ ಜೋಡಿಸಿ, ಕಳಚಿದಂತೆ ಮಾಡಿ, ಮತ್ತೆ ಜೋಡಿಸುತ್ತದೆ. ಕ್ಲೀನಪ್ ಮರೆತಿದ್ದರೆ ಎರಡು ಟೈಮರು, ಎರಡು ಸಂಪರ್ಕ ಕೂಡಲೇ ಎದ್ದು ಕಾಣುತ್ತವೆ. ಕೋರಿಕೆಗಳು ಎರಡೆರಡು ಸಲ ಹೋಗುತ್ತವೆಂದು ಕೆಲವರು ಈ ವಿಧಾನವನ್ನೇ ಆರಿಸಿಬಿಡುವುದುಂಟು. ಅದು ಜ್ವರಮಾಪಕವನ್ನು ಒಡೆದು ಜ್ವರ ಇಳಿಯಿತೆಂದುಕೊಂಡಂತೆ.

ಕ್ರೋಮ್ ಬ್ರೌಸರಿನ ಪರಿಕರಗಳಲ್ಲಿ ಮೆಮೊರಿಯ ಚಿತ್ರ ತೆಗೆಯುವ ಸೌಲಭ್ಯವಿದೆ. ಪುಟದ ಒಂದು ವಿಭಾಗವನ್ನು ಹಲವು ಸಲ ತೆರೆದು ಮುಚ್ಚಿ, ಮೊದಲಿನ ಚಿತ್ರವನ್ನೂ ನಂತರದ ಚಿತ್ರವನ್ನೂ ಹೋಲಿಸಿದರೆ ತೆರವಾಗದೆ ಉಳಿದ ಭಾಗಗಳು ಗೊತ್ತಾಗುತ್ತವೆ. ಮುಚ್ಚಿದ ವಿಭಾಗದ ಹೆಸರಿನಲ್ಲಿ ಇನ್ನೂ ಕೋರಿಕೆಗಳು ಹೋಗುತ್ತಿವೆಯೇ ಎಂದು ನೆಟ್‌ವರ್ಕ್ ವಿಭಾಗದಲ್ಲಿ ನೋಡಬಹುದು. ಓಟದ ದೋಷವನ್ನು ಹಿಡಿಯಲು ಅದೇ ಪರಿಕರದಲ್ಲಿ ಸಂಪರ್ಕದ ವೇಗವನ್ನು ಬೇಕೆಂದೇ ತಗ್ಗಿಸಿ, ಪಟ್ಟಿಯ ಹೆಸರುಗಳನ್ನು ಬೇಗ ಬೇಗ ಒತ್ತಿ ನೋಡಬೇಕು.

ಪರದೆಯ ಒಂದು ಭಾಗವನ್ನು ಬರೆಯುವವರು ಅದು ತೆರೆಯುವ ಕ್ಷಣದಷ್ಟೇ ಮುಚ್ಚುವ ಕ್ಷಣವನ್ನೂ ಮೊದಲೇ ಆಲೋಚಿಸಬೇಕಾಗುತ್ತದೆ. ಚಂದಾ ಇದ್ದರೆ ನಿಲ್ಲಿಸಬೇಕು, ಹಳೆಯ ಪ್ರಶ್ನೆಯ ಉತ್ತರವನ್ನು ಬದಿಗಿಡಬೇಕು, ಬಳಕೆದಾರ ಕೊಟ್ಟ ಆಜ್ಞೆಯನ್ನು ಪೂರೈಸಬೇಕು. ಈ ಮೂರನ್ನು ಬೇರ್ಪಡಿಸಿ ನೋಡಿದ ಪುಟದಲ್ಲಿ, ಕಳಚಿದ ಘಟಕದ ಬಾಗಿಲಿಗೆ ಅಪರೂಪಕ್ಕೊಂದು ಪತ್ರ ತಡವಾಗಿ ಬಂದರೂ ಅದರಿಂದ ಯಾರಿಗೂ ಕೇಡಿಲ್ಲ.